ಬ್ಯಾಂಕಿಗೆ ನಿಮ್ಮ ಬಗ್ಗೆ ಏನೇನು ಗೊತ್ತು? ನೋಡುವುದು, ತಿದ್ದಿಸುವುದು, ತಡೆಯುವುದು ಹೇಗೆ

ಹೋದ ವರ್ಷ ಅಮ್ಮನಿಗೆ ಹೊಸ ಎಸ್‌ಬಿ ಅಕೌಂಟ್ ಮಾಡಿಸಲು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗ ಫಾರಂ ಮುಂದಿಟ್ಟು, ಪೆನ್ಸಿಲಿನಲ್ಲಿ ಆರು ಕಡೆ ಗುರುತು ಹಾಕಿ, "ಅಮ್ಮಾ, ಇಲ್ಲೆಲ್ಲ ಸಹಿ ಮಾಡಿ, ಉಳಿದಿದ್ದು ನಾವು ತುಂಬ್ಕೋತೀವಿ" ಅಂದ. ಅಮ್ಮ ಮಾಡಿದರು. ನಾನೂ ಸುಮ್ನೆ ನೋಡುತ್ತಾ ನಿಂತಿದ್ದೆ. ಪಿಂಚಣಿ ಆ ಖಾತೆಗೆ ಬರತೊಡಗಿದ ಮೇಲೆ ಫೋನುಗಳು ಶುರುವಾದವು. ಇನ್ಶೂರೆನ್ಸ್, ಚಿನ್ನದ ಸಾಲ, ಮ್ಯೂಚುವಲ್ ಫಂಡ್. ಕರೆ ಮಾಡಿದವರಿಗೆ ಅಮ್ಮನ ವಯಸ್ಸು ಗೊತ್ತಿತ್ತು, ಪಿಂಚಣಿ ಯಾವ ತಾರೀಖಿಗೆ ಬರುತ್ತದೆ ಅನ್ನುವುದೂ ಗೊತ್ತಿತ್ತು. ಅಮ್ಮನಿಗೆ ಹೆದರಿಕೆಯಾಯಿತು. "ನಾನು ಯಾರ ಹತ್ತಿರ ಏನು ಹೇಳಿಬಿಟ್ಟೆನೋ" ಅಂತ ಎರಡು ದಿನ ಅದನ್ನೇ ಯೋಚನೆ ಮಾಡಿದರು.

ಅವರು ಯಾರ ಹತ್ತಿರವೂ ಏನೂ ಹೇಳಿರಲಿಲ್ಲ. ಆ ಆರು ಸಹಿಗಳಲ್ಲಿ ಒಂದು, ಮಾಹಿತಿಯನ್ನು ಬ್ಯಾಂಕಿನ ಜೊತೆಗಾರ ಕಂಪನಿಗಳಿಗೆ ಕೊಡಲು ಒಪ್ಪಿಗೆ ಇದೆ ಅನ್ನುವ ಸಾಲಿನ ಕೆಳಗಿತ್ತು. ಇದು ಗೊತ್ತಾದ ಮೇಲೆ ನಾನು ನಮ್ಮ ಮನೆಯ ಎಲ್ಲರ ಖಾತೆ, ಸಾಲ, ಕಾರ್ಡುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಮಾಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಮುಂದಿನದ್ದೆಲ್ಲ ಒಂದೇ ವಿಷಯದ ಮೇಲೆ ನಿಂತಿದೆ. ಬ್ಯಾಂಕು ಕೇಳುವ ಮಾಹಿತಿ ಎರಡು ಥರ. ಒಂದು, ಕಾನೂನು ಕೇಳು ಅಂದಿದ್ದಕ್ಕೆ ಕೇಳುವುದು. ಇನ್ನೊಂದು, ತನ್ನ ವ್ಯಾಪಾರಕ್ಕೆ ಬೇಕು ಅಂತ ಕೇಳುವುದು. ಮೊದಲನೆಯದನ್ನು ಕೊಡಲೇಬೇಕು. ಎರಡನೆಯದಕ್ಕೆ ನಿಮ್ಮ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ತಗೊಳ್ಳಲೂಬಹುದು. ಕಷ್ಟ ಏನೆಂದರೆ ಎರಡೂ ಒಂದೇ ಫಾರಂನಲ್ಲಿ, ಒಂದೇ ಅಕ್ಷರದಲ್ಲಿ, ಒಂದರ ಕೆಳಗೊಂದು ಇರುತ್ತವೆ.

ಹೆಜ್ಜೆ 1: ಸಹಿ ಹಾಕುವ ಮೊದಲು ಫಾರಂ ಅನ್ನು ಎರಡು ಭಾಗ ಮಾಡಿ

ಕೆವೈಸಿ, ಅಂದರೆ ಗ್ರಾಹಕರು ಯಾರು ಅಂತ ದಾಖಲೆ ನೋಡಿ ಖಚಿತ ಮಾಡಿಕೊಳ್ಳುವುದು, ಬ್ಯಾಂಕಿನ ಸ್ವಂತ ಯೋಚನೆಯಲ್ಲ. ಅಕ್ರಮ ಹಣ ತಡೆಯಲು 2002ರಲ್ಲಿ ಬಂದ ಕಾನೂನು ಮತ್ತು ಅದರ ಮೇಲೆ ಆರ್‌ಬಿಐ ಮಾಡಿದ ನಿರ್ದೇಶನ ಇದರ ಹಿಂದಿವೆ. ಅದರ ಪ್ರಕಾರ ಬೇಕಾಗಿರುವುದು ಇಷ್ಟು: ಗುರುತು ಮತ್ತು ವಿಳಾಸಕ್ಕೆ ಒಂದು ಮಾನ್ಯ ದಾಖಲೆ, ಪ್ಯಾನ್ (ಇಲ್ಲದಿದ್ದರೆ ಅದರ ಬದಲಿಗೆ ಒಂದು ಘೋಷಣೆ), ಫೋಟೋ, ಮತ್ತು ನೀವು ಏನು ಕೆಲಸ ಮಾಡುತ್ತೀರಿ, ಆದಾಯ ಸುಮಾರು ಎಷ್ಟು ಅನ್ನುವುದು. ಮಾನ್ಯ ದಾಖಲೆ ಅಂದರೆ ಆಧಾರ್ ಒಂದೇ ಅಲ್ಲ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ನರೇಗಾ ಜಾಬ್ ಕಾರ್ಡ್ ಕೂಡ ನಡೆಯುತ್ತವೆ.

ಮದುವೆ ಆಗಿದೆಯಾ, ಮಕ್ಕಳೆಷ್ಟು, ಸ್ವಂತ ಮನೆಯಾ ಬಾಡಿಗೆಯಾ, ಕಾರಿದೆಯಾ, ಬೇರೆ ಯಾವ ಬ್ಯಾಂಕಿನ ಕಾರ್ಡ್ ಇದೆ? ಇಂಥವು ಹೆಚ್ಚುವರಿ ಪ್ರಶ್ನೆಗಳು. ಇಂಥ ಹೆಚ್ಚುವರಿ ಮಾಹಿತಿಯನ್ನು ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆದು ಮಾತ್ರ ಕೇಳಬೇಕು ಅಂತ ಕೆವೈಸಿ ನಿಯಮದಲ್ಲೇ ಇದೆ. ಖಾತೆ ತೆರೆಯಲು ಕೊಟ್ಟ ಮಾಹಿತಿ ಗುಟ್ಟಾಗಿ ಇರಬೇಕು, ಬೇರೆ ಯೋಜನೆ ಮಾರಲು ಅದನ್ನು ನಿಮ್ಮ ಅನುಮತಿ ಇಲ್ಲದೆ ಬಳಸುವಂತಿಲ್ಲ ಅಂತಲೂ ಇದೆ. ಅದಕ್ಕೇ ಆ ಒಪ್ಪಿಗೆಯ ಸಾಲು ಫಾರಂನಲ್ಲಿ ಸೇರಿಕೊಂಡಿರುವುದು. ಅದಕ್ಕೆ ನೀವು ಸಹಿ ಮಾಡಿದರೆ ಅದೇ ಅನುಮತಿ.

ಹಾಗಾಗಿ ಹೀಗೆ ಮಾಡಿ. ಫಾರಂ ಮನೆಗೆ ತನ್ನಿ. ಕನ್ನಡದ್ದೇ ಕೇಳಿ, ಖಾತೆ ತೆರೆಯುವ ಫಾರಂ, ಚಲನ್, ಪಾಸ್‌ಬುಕ್ ಇವೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ರಾಜ್ಯದ ಭಾಷೆಯಲ್ಲಿ ಇರಬೇಕು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಓದುತ್ತಾ "ಗುಂಪಿನ ಕಂಪನಿಗಳು", "ಮೂರನೇ ವ್ಯಕ್ತಿಗಳು", "ಕೊಡುಗೆಗಳ ಬಗ್ಗೆ ಸಂಪರ್ಕಿಸಲು" ಅನ್ನುವ ಪದಗಳು ಎಲ್ಲಿವೆ ಹುಡುಕಿ. ಆ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಒಪ್ಪಿಗೆ ಇಲ್ಲ" ಅಂತ ಬರೆದು ಚಿಕ್ಕ ಸಹಿ ಹಾಕಿ. ಮೊಬೈಲ್‌ನಲ್ಲಿ ಖಾತೆ ತೆರೆಯುವುದಾದರೆ ಟಿಕ್ ಮೊದಲೇ ಬಿದ್ದಿರುತ್ತದಾ ನೋಡಿ, ತೆಗೆಯಿರಿ. ತುಂಬಿದ ಫಾರಂನ ಎಲ್ಲಾ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಖಾಲಿ ಜಾಗ ಬಿಟ್ಟು ಸಹಿ ಮಾಡಲೇಬೇಡಿ, ಇದೊಂದನ್ನು ಮಾತ್ರ ಎಷ್ಟು ಒತ್ತಿ ಹೇಳಿದರೂ ಸಾಲದು.

ಹೆಜ್ಜೆ 2: ಆಧಾರ್ ಜೆರಾಕ್ಸ್ ಕೊಡುವಾಗ

2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 80 ದಾಟಿತ್ತು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಬಂತು. 2018ರ ಸೆಪ್ಟೆಂಬರ್ 26ರಂದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದು ಕಡ್ಡಾಯ ಅನ್ನುವ ನಿಯಮವೇ ಬಿದ್ದುಹೋಯಿತು. 2019ರ ತಿದ್ದುಪಡಿ ಕಾನೂನು, ಗ್ರಾಹಕರು ತಾವಾಗಿ ಕೊಟ್ಟರೆ ಬ್ಯಾಂಕು ಬಳಸಬಹುದು ಅನ್ನುತ್ತದೆ. ಸರ್ಕಾರದ ಸಹಾಯಧನ ನೇರವಾಗಿ ಖಾತೆಗೆ ಬರಬೇಕಾದವರ ಲೆಕ್ಕ ಬೇರೆ, ಅವರಿಗೆ ಆಧಾರ್ ಜೋಡಣೆ ಬೇಕಾಗುತ್ತದೆ.

ಆಧಾರನ್ನು ಸುಮ್ಮನೆ ಗುರುತಿಗೆ ಅಂತ ಕಾಗದದಲ್ಲಿ ಕೊಡುತ್ತಿದ್ದರೆ, ನಂಬರ್ ಕಾಣದಂತೆ ಮಸಿ ಹಚ್ಚಿಸಿಯೇ ತಗೊಳ್ಳಬೇಕು ಅಂತ ಬ್ಯಾಂಕುಗಳಿಗೆ ನಿಯಮ ಇದೆ. ಬಹಳ ಕೌಂಟರುಗಳಲ್ಲಿ ಇದನ್ನು ಯಾರೂ ಹೇಳಲ್ಲ. ನೀವೇ ಮಾಡಿ. ಆಧಾರ್ ವೆಬ್‌ಸೈಟಿನಿಂದ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿದರೆ ಕೊನೆಯ 4 ಅಂಕೆ ಮಾತ್ರ ಕಾಣುತ್ತದೆ. ಜೆರಾಕ್ಸ್ ಮೇಲೆ ಅಡ್ಡಡ್ಡ "ಇಂಥ ಬ್ಯಾಂಕ್, ಇಂಥ ಶಾಖೆ, ಖಾತೆ ತೆರೆಯಲು ಮಾತ್ರ" ಅಂತ ತಾರೀಖಿನ ಸಮೇತ ಬರೆಯಿರಿ. ಅಕ್ಷರ ಫೋಟೋದ ಮೇಲೂ ಹಾದುಹೋಗಲಿ.

ಇನ್ನೊಂದು ಕೆಲಸ ಇವತ್ತೇ ಮಾಡಿ: ಬೆರಳಚ್ಚು ಲಾಕ್. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಜಾಗ ನೋಂದಣಿ ಮಾಡಿಸಿದ್ದ ಜನರ ಖಾತೆಯಿಂದ, ಒಟಿಪಿಯೂ ಇಲ್ಲದೆ, ಆಧಾರ್ ಮತ್ತು ಹೆಬ್ಬೆಟ್ಟಿನ ಗುರುತಿನಿಂದಲೇ ದುಡ್ಡು ಹೋದ ದೂರುಗಳು ಬಂದವು. ಆಧಾರ್ ವೆಬ್‌ಸೈಟಿನಲ್ಲಿ ಅಥವಾ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಆ ದಾರಿ ಮುಚ್ಚುತ್ತದೆ. ಬೇಕಾದಾಗ ನೀವೇ ತೆರೆಯಬಹುದು. ಅಲ್ಲೇ ನಿಮ್ಮ ಆಧಾರನ್ನು ಕಳೆದ 6 ತಿಂಗಳಲ್ಲಿ ಯಾರು, ಯಾವ ದಿನ ಪರಿಶೀಲಿಸಿದ್ದಾರೆ ಅನ್ನುವ ಪಟ್ಟಿಯೂ ಸಿಗುತ್ತದೆ. ಗೊತ್ತಿಲ್ಲದ ಹೆಸರು ಕಂಡರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ.

ಹೆಜ್ಜೆ 3: ಕೊಟ್ಟ ಮಾಹಿತಿ ಎಲ್ಲೆಲ್ಲಿ ಹೋಗಿ ಕೂತಿದೆ ನೋಡಿ

1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಕರಾವಳಿಯಲ್ಲಿ ಪಿಗ್ಮಿ ಶುರು ಮಾಡಿದಾಗ, ಕಲೆಕ್ಟರ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತಗೊಂಡು ಹೋಗುತ್ತಿದ್ದರು. ಯಾರ ಅಂಗಡಿ ನಡೆಯುತ್ತಿದೆ, ಯಾರ ಮನೆಯಲ್ಲಿ ಕಷ್ಟ ಇದೆ, ಎಲ್ಲ ಅವರಿಗೆ ಗೊತ್ತು. ಆದರೆ ಗೊತ್ತಿರುವವರು ಯಾರು ಅಂತ ನಮಗೂ ಗೊತ್ತಿತ್ತು. ಈಗ ಹಾಗಿಲ್ಲ. ಪ್ರತಿ ಯುಪಿಐ ಪಾವತಿಯಲ್ಲೂ ಯಾವ ಅಂಗಡಿ, ಎಷ್ಟು ಗಂಟೆ, ಎಷ್ಟು ರೂಪಾಯಿ ಅನ್ನುವುದು ಉಳಿಯುತ್ತದೆ. ಆ್ಯಪ್ ನಿಮ್ಮ ಫೋನಿನ ಮಾಡೆಲ್ ನೋಡುತ್ತದೆ, ಅನುಮತಿ ಕೊಟ್ಟಿದ್ದರೆ ಜಾಗವನ್ನೂ ನೋಡುತ್ತದೆ. ಸಂಬಳ ಬಿದ್ದ ಮರುದಿನವೇ "ನಿಮಗೆ ಸಾಲ ಮಂಜೂರಾಗಿದೆ" ಅಂತ ಮೆಸೇಜ್ ಬರುವುದು ಈ ಲೆಕ್ಕದಿಂದಲೇ.

ಬ್ಯಾಂಕಿನಿಂದ ಹೊರಗೆ ಹೋಗುವ ಮುಖ್ಯ ದಾರಿಗಳು ನಾಲ್ಕು. ಕೇಂದ್ರ ಕೆವೈಸಿ ದಾಖಲೆ ಕೇಂದ್ರ ಅಂತ ಒಂದಿದೆ. ಅಲ್ಲಿ ನಿಮಗೆ 14 ಅಂಕೆಯ ನಂಬರ್ ಇರುತ್ತದೆ, ಬೇರೆ ಬ್ಯಾಂಕಿಗೆ ಹೋದಾಗ ಅವರು ಅಲ್ಲಿಂದಲೇ ದಾಖಲೆ ತೆಗೆಯಬಹುದು. ಎರಡನೆಯದು ಆದಾಯ ತೆರಿಗೆ ಇಲಾಖೆ: ಉಳಿತಾಯ ಖಾತೆಗೆ ವರ್ಷದಲ್ಲಿ ಒಟ್ಟು ₹10 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ತಿಳಿಸಲೇಬೇಕು. ಇದು ನಿಮ್ಮ ಎಐಎಸ್‌ನಲ್ಲಿ (ಇಲಾಖೆ ನಿಮ್ಮ ಬಗ್ಗೆ ಇಡುವ ವಾರ್ಷಿಕ ಮಾಹಿತಿ ಪಟ್ಟಿ) ಕಾಣುತ್ತದೆ, ತೆರಿಗೆ ಪೋರ್ಟಲಿನಲ್ಲಿ ಲಾಗಿನ್ ಆಗಿ ನೋಡಬಹುದು, ತಪ್ಪಿದ್ದರೆ ಅಲ್ಲೇ ಹೇಳಬಹುದು. ಮೂರನೆಯದು ಎಲ್ಲರ ಸಾಲದ ಲೆಕ್ಕ ಇಡುವ ಕ್ರೆಡಿಟ್ ಬ್ಯೂರೋ ಕಂಪನಿಗಳು, ಅದು ಮುಂದಿನ ಹೆಜ್ಜೆ. ನಾಲ್ಕನೆಯದು ಬ್ಯಾಂಕು ಕೆಲಸ ಗುತ್ತಿಗೆ ಕೊಟ್ಟ ಕಾಲ್ ಸೆಂಟರ್, ವಸೂಲಿ ಏಜೆನ್ಸಿಗಳು. ಇವರು ತಪ್ಪು ಮಾಡಿದರೂ ಜವಾಬ್ದಾರಿ ಬ್ಯಾಂಕಿನದ್ದೇ. "ಅದು ಏಜೆನ್ಸಿಯವರದ್ದು, ನಮಗೆ ಗೊತ್ತಿಲ್ಲ" ಅಂದರೆ ಒಪ್ಪಬೇಡಿ.

ಹಳೆಯ ಖಾತೆಗಳನ್ನೂ ಮರೆಯಬೇಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ನಿಮ್ಮ ದಾಖಲೆಯೂ ಜೊತೆಗೇ ಹೋಯಿತು. ಅದರಲ್ಲಿ ಇರುವುದು ಹತ್ತು ವರ್ಷದ ಹಿಂದಿನ ಮೊಬೈಲ್ ನಂಬರ್ ಆಗಿದ್ದರೆ, ಆ ಸಿಮ್ ಈಗ ಇನ್ಯಾರ ಕೈಯಲ್ಲೋ ಇರಬಹುದು, ನಿಮ್ಮ ಒಟಿಪಿ ಅವರಿಗೆ ಹೋಗಬಹುದು. ಶಾಖೆಗೆ ಹೋಗಿ ಬದಲಾಯಿಸಿ.

ಹೆಜ್ಜೆ 4: ಕ್ರೆಡಿಟ್ ರಿಪೋರ್ಟ್ ತೆಗೆಸಿ, ಸಾಲು ಸಾಲಾಗಿ ಓದಿ

ಜನ "ಸಿಬಿಲ್" ಅಂತಾರೆ, ಆದರೆ ಭಾರತದಲ್ಲಿ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. 2005ರ ಕಾನೂನಿನಡಿ ಬ್ಯಾಂಕು, ಫೈನಾನ್ಸ್ ಕಂಪನಿ ಎಲ್ಲವೂ ನಿಮ್ಮ ಸಾಲದ ಲೆಕ್ಕವನ್ನು ಇವರಿಗೆ ಕಳಿಸುತ್ತವೆ, 2025ರ ಜನವರಿಯಿಂದ ತಿಂಗಳಿಗೆ ಕನಿಷ್ಠ ಎರಡು ಸಲ. ಮೈಕ್ರೋಫೈನಾನ್ಸ್ ಗುಂಪಿನಲ್ಲಿ ತೆಗೆದ ಸಾಲವೂ ಸೇರುತ್ತದೆ. ಇದಕ್ಕೆ ಇಲ್ಲ ಅನ್ನೋಕೆ ಆಗಲ್ಲ. ಆದರೆ ನೋಡುವ ಮತ್ತು ತಿದ್ದಿಸುವ ಹಕ್ಕು ನಿಮ್ಮದು.

ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪ್ರತಿ ಕಂಪನಿಯಿಂದಲೂ ಉಚಿತ. ನಾಲ್ಕನ್ನೂ ಒಂದೇ ದಿನ ತೆಗೆಯಬೇಡಿ, ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ. ಅವರ ಸ್ವಂತ ವೆಬ್‌ಸೈಟಿನಿಂದಲೇ ತೆಗೆಯಿರಿ. ದುಡ್ಡು ಕಟ್ಟುವ ಪ್ಲಾನ್ ದೊಡ್ಡದಾಗಿ ಕಾಣುತ್ತದೆ, ಉಚಿತ ರಿಪೋರ್ಟಿನ ಕೊಂಡಿ ಕೆಳಗೆ ಚಿಕ್ಕದಾಗಿರುತ್ತದೆ, ಹುಡುಕಿ. "ಉಚಿತ ಸ್ಕೋರ್" ಅನ್ನುವ ಬೇರೆ ಆ್ಯಪ್‌ಗಳಲ್ಲಿ ನೋಡಿದರೆ ಅದಕ್ಕಾಗಿ ನಿಮ್ಮ ಪ್ಯಾನ್, ಫೋನ್ ನಂಬರ್ ಇನ್ನೊಬ್ಬರ ಕೈಗೆ ಕೊಟ್ಟಂತಾಗುತ್ತದೆ, ಸಾಲದ ಕರೆಗಳು ಅಲ್ಲಿಂದಲೂ ಶುರುವಾಗುತ್ತವೆ. ನಿಮ್ಮ ರಿಪೋರ್ಟ್ ನೀವೇ ನೋಡಿದರೆ ಸ್ಕೋರ್ ಕಡಿಮೆಯಾಗಲ್ಲ.

ನನ್ನ ರಿಪೋರ್ಟಿನಲ್ಲಿ ಎರಡು ವಿಷಯ ಸಿಕ್ಕವು. ಫ್ರಿಜ್ಜಿಗೆ ತೆಗೆದ ಸಾಲದ ಕೊನೇ ಕಂತು ಕಟ್ಟಿ ಎರಡು ವರ್ಷವಾಗಿತ್ತು, ಅಲ್ಲಿ ಇನ್ನೂ ಬಾಕಿ ಅಂತ ತೋರಿಸುತ್ತಿತ್ತು. ಇನ್ನೊಂದು, ನಾನು ಹೆಸರೇ ಕೇಳದ ಒಂದು ಫೈನಾನ್ಸ್ ಕಂಪನಿ ನನ್ನ ರಿಪೋರ್ಟ್ ತರಿಸಿ ನೋಡಿತ್ತು. ಇದು "ಎನ್‌ಕ್ವಯರಿ" ಅನ್ನುವ ಭಾಗದಲ್ಲಿ ತಾರೀಖಿನ ಜೊತೆ ಇರುತ್ತದೆ, ಸಾಮಾನ್ಯವಾಗಿ ಯಾರೂ ಅಲ್ಲಿವರೆಗೆ ಓದಲ್ಲ. ನನ್ನ ಪ್ರಕಾರ ಸ್ಕೋರಿಗಿಂತ ಈ ಪುಟವೇ ಮುಖ್ಯ. ನಿಮ್ಮ ಹೆಸರಲ್ಲಿ ಯಾರಾದರೂ ಸಾಲಕ್ಕೆ ಅರ್ಜಿ ಹಾಕಿದ್ದರೆ ಮೊದಲ ಸುಳಿವು ಸಿಗುವುದು ಇಲ್ಲೇ.

ತಪ್ಪು ಕಂಡರೆ ಬ್ಯೂರೋ ವೆಬ್‌ಸೈಟಿನಲ್ಲಿ ತಕರಾರು ಸಲ್ಲಿಸಿ, ಅದೇ ದಿನ ಸಾಲ ಕೊಟ್ಟ ಕಂಪನಿಗೂ ಇಮೇಲ್ ಮಾಡಿ. ಯಾಕೆಂದರೆ ಸಾಲ ಕೊಟ್ಟವರು ಒಪ್ಪದೆ ಬ್ಯೂರೋ ತಾನಾಗಿ ತಿದ್ದಲ್ಲ. 30 ದಿನದೊಳಗೆ ಬಗೆಹರಿಸಬೇಕು. ಅದು ದಾಟಿದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು ಅನ್ನುವ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿಮ್ಮ ತಕರಾರು ತಳ್ಳಿಹಾಕಿದರೆ ಕಾರಣ ಹೇಳಬೇಕು. ನಾನು ಕೊನೇ ಕಂತಿನ ರಸೀದಿ ಮತ್ತು ಸಾಲ ಮುಗಿದ ಪತ್ರ ಲಗತ್ತಿಸಿದ್ದೆ, 24ನೇ ದಿನ ಸರಿಯಾಯಿತು. ಆ ಪತ್ರ ಇಲ್ಲದಿದ್ದರೆ ಎಷ್ಟು ಓಡಾಡಬೇಕಿತ್ತೋ. ಸಾಲ ತೀರಿದ ದಿನವೇ ಅದನ್ನು ಕೇಳಿ ತಗೊಳ್ಳಿ.

ಹೆಜ್ಜೆ 5: ಸಾಲದ ಆ್ಯಪ್‌ಗಳ ಅನುಮತಿ ಕಿತ್ತುಹಾಕಿ

ಇಲ್ಲಿ ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಫೋನಿನಲ್ಲಿರುವ ನಂಬರ್‌ಗಳ ಪಟ್ಟಿ ಕೇಳುವ ಸಾಲದ ಆ್ಯಪ್‌ನಿಂದ ಒಂದು ರೂಪಾಯಿಯನ್ನೂ ತಗೊಳ್ಳಬೇಡಿ. ಕಂತು ಒಂದು ದಿನ ತಡವಾದರೆ ಅಣ್ಣ, ಅತ್ತಿಗೆ, ಆಫೀಸಿನವರು, ಮಗಳ ಟೀಚರ್, ಎಲ್ಲರಿಗೂ ಫೋನ್ ಹೋಗುತ್ತದೆ. ಮಾನ ಹೋಯಿತು ಅಂತ ಜೀವ ಕಳೆದುಕೊಂಡವರಿದ್ದಾರೆ.

ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲೇ ಇದನ್ನು ನಿಷೇಧಿಸಿದೆ, 2025ರ ನಿರ್ದೇಶನದಲ್ಲೂ ಅದು ಮುಂದುವರಿದಿದೆ. ಸಾಲದ ಆ್ಯಪ್ ನಿಮ್ಮ ಫೋಟೋ ಗ್ಯಾಲರಿ, ಕಾಂಟ್ಯಾಕ್ಟ್ ಪಟ್ಟಿ, ಕರೆ ದಾಖಲೆ ಮುಟ್ಟುವಂತಿಲ್ಲ. ಕ್ಯಾಮೆರಾ, ಮೈಕ್, ಲೊಕೇಶನ್ ಅನ್ನು ಕೆವೈಸಿಗಾಗಿ ಒಂದು ಸಲ, ಕೇಳಿ, ಬಳಸಬಹುದು ಅಷ್ಟೇ. ಮಾಹಿತಿ ಭಾರತದೊಳಗಿನ ಸರ್ವರ್‌ನಲ್ಲೇ ಇರಬೇಕು. ಒಪ್ಪಿಗೆ ವಾಪಸ್ ತಗೊಳ್ಳುವ, ಮಾಹಿತಿ ಅಳಿಸಲು ಹೇಳುವ ಅವಕಾಶ ಆ್ಯಪ್‌ನಲ್ಲೇ ಇರಬೇಕು.

ಸಾಲ ತಗೊಳ್ಳುವ ಮೊದಲು ಆ್ಯಪ್‌ನ ಹಿಂದೆ ಯಾವ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಇದೆ ನೋಡಿ. ಹೆಸರೇ ಇಲ್ಲ ಅಂದರೆ ಅಲ್ಲಿಗೇ ಬಿಡಿ. ಹೆಸರಿದ್ದರೆ, ಆರ್‌ಬಿಐ ವೆಬ್‌ಸೈಟಿನಲ್ಲಿ ನೋಂದಾಯಿತ ಸಂಸ್ಥೆಗಳು ಕೊಟ್ಟ ಸಾಲದ ಆ್ಯಪ್‌ಗಳ ಪಟ್ಟಿ ಇದೆ, ಅದರಲ್ಲಿ ಈ ಆ್ಯಪ್ ಇದೆಯಾ ತಾಳೆ ನೋಡಿ. ಬಡ್ಡಿ, ಶುಲ್ಕ ಎಲ್ಲ ಸೇರಿಸಿ ತೋರಿಸುವ ಒಂದು ಮುಖ್ಯಾಂಶಗಳ ಪತ್ರವನ್ನು ಸಾಲಕ್ಕೆ ಮೊದಲೇ ಕೊಡಬೇಕು, ಅದನ್ನು ಕೇಳಿ.

ಈಗಾಗಲೇ ತಗೊಂಡಿದ್ದರೆ? ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಆ ಆ್ಯಪ್, ಅದರೊಳಗೆ ಪರ್ಮಿಶನ್ಸ್. ಒಂದೊಂದನ್ನೇ ಆಫ್ ಮಾಡಿ. ಬೆದರಿಕೆ ಶುರುವಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನೋಂದಣಿ ಇಲ್ಲದ ಕಂಪನಿಯಾದರೆ ಆರ್‌ಬಿಐನ ಸಚೇತ್ ಪೋರ್ಟಲ್‌ನಲ್ಲೂ ದೂರು ಹಾಕಿ. ಮತ್ತೆ, ಮನೆಯವರಿಗೆ ನೀವೇ ಮೊದಲು ಹೇಳಿಬಿಡಿ. ಸಾಲದ ಆ್ಯಪ್‌ನವರ ಬೆದರಿಕೆಗೆ ಇರುವ ಶಕ್ತಿಯೆಲ್ಲ ನೀವು ಮುಚ್ಚಿಟ್ಟಿರುವುದರಲ್ಲಿದೆ.

ಹೆಜ್ಜೆ 6: ಸ್ಟೇಟ್‌ಮೆಂಟ್ ಕೇಳಿದರೆ

ಗೃಹಸಾಲಕ್ಕೆ ಏಜೆಂಟ್ "ಒಂದು ವರ್ಷದ ಸ್ಟೇಟ್‌ಮೆಂಟ್ ವಾಟ್ಸಾಪ್ ಮಾಡಿ, ಪಾಸ್‌ವರ್ಡ್ ಕೂಡ ಕಳಿಸಿ" ಅನ್ನುತ್ತಾರೆ. ಕಳಿಸಿದ ಮೇಲೆ ಅದು ಯಾರ ಫೋನಿನಲ್ಲಿ ಎಷ್ಟು ವರ್ಷ ಇರುತ್ತದೋ ಹೇಳುವವರಿಲ್ಲ. 2021ರಿಂದ ಅಕೌಂಟ್ ಅಗ್ರಿಗೇಟರ್ ಅನ್ನುವ ವ್ಯವಸ್ಥೆ ನಡೆಯುತ್ತಿದೆ, ಆರ್‌ಬಿಐ ಪರವಾನಗಿ ಇರುವ ಕಂಪನಿಗಳದ್ದು. ನಿಮ್ಮ ಬ್ಯಾಂಕಿನಿಂದ ಸಾಲ ಕೊಡುವವರಿಗೆ ಮಾಹಿತಿ ಬೀಗ ಹಾಕಿದ ಪೆಟ್ಟಿಗೆಯ ಹಾಗೆ ಹೋಗುತ್ತದೆ, ನಡುವೆ ಇರುವವರು ತೆರೆದು ನೋಡಲಾರರು. ಒಪ್ಪಿಗೆ ಕೊಡುವ ಪರದೆಯಲ್ಲಿ ಮೂರು ಸಾಲು ತಪ್ಪದೆ ಓದಿ: ಎಷ್ಟು ತಿಂಗಳ ಲೆಕ್ಕ, ಎಷ್ಟು ಸಲ ತೆಗೆಯುತ್ತಾರೆ, ಒಪ್ಪಿಗೆ ಯಾವತ್ತಿಗೆ ಮುಗಿಯುತ್ತದೆ. ಒಂದು ಸಲದ ಸಾಲದ ಅರ್ಜಿಗೆ ವರ್ಷಗಟ್ಟಲೆ, ತಿಂಗಳು ತಿಂಗಳು ನೋಡುವ ಒಪ್ಪಿಗೆ ಕೇಳಿದರೆ ಯಾಕೆ ಅಂತ ಕೇಳಿ. ಕೆಲಸ ಮುಗಿದ ಮೇಲೆ ಆ್ಯಪ್‌ನಲ್ಲೇ ರದ್ದು ಮಾಡಿ. ಆಗಲೇ ಹೋದ ಮಾಹಿತಿ ವಾಪಸ್ ಬರಲ್ಲ, ಮುಂದಕ್ಕೆ ಹೋಗುವುದು ನಿಲ್ಲುತ್ತದೆ.

ಹೆಜ್ಜೆ 7: ಹಿಂದೆ ಕೊಟ್ಟ ಒಪ್ಪಿಗೆಯನ್ನು ಬರಹದಲ್ಲಿ ವಾಪಸ್ ತಗೊಳ್ಳಿ

ಅಮ್ಮನ ಪರವಾಗಿ ನಾನು ಬರೆದ ಅರ್ಜಿ ಹೀಗಿತ್ತು, ಬೇಕಿದ್ದರೆ ಹೀಗೇ ಬಳಸಿ:

"ಮಾನ್ಯ ವ್ಯವಸ್ಥಾಪಕರಿಗೆ. ನನ್ನ ಉಳಿತಾಯ ಖಾತೆ ತೆರೆಯುವಾಗ ಕೊಟ್ಟ ಮಾಹಿತಿಯನ್ನು ಗುಂಪಿನ ಕಂಪನಿಗಳಿಗೆ, ವಿಮಾ ಕಂಪನಿಗಳಿಗೆ ಅಥವಾ ಬೇರೆ ಯಾರಿಗೂ ಮಾರಾಟದ ಉದ್ದೇಶಕ್ಕೆ ಕೊಡಲು ನನ್ನ ಒಪ್ಪಿಗೆ ಇಲ್ಲ. ಹಿಂದೆ ಕೊಟ್ಟಿದ್ದರೆ ಅದನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಇಲ್ಲಿಯವರೆಗೆ ಯಾರಿಗೆಲ್ಲ ಕೊಡಲಾಗಿದೆ ಎಂದು ಬರಹದಲ್ಲಿ ತಿಳಿಸಿ. ಕಾನೂನಿನ ಪ್ರಕಾರ ಕೊಡಲೇಬೇಕಾದ ಮಾಹಿತಿಗೆ ನನ್ನ ಆಕ್ಷೇಪ ಇಲ್ಲ."

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಖು, ಸೀಲು, ಸಹಿ ಹಾಕಿಸಿಕೊಳ್ಳಿ. ಇಮೇಲ್ ಮಾಡಿದರೆ ಬ್ಯಾಂಕಿನ ದೂರು ಅಧಿಕಾರಿಗೂ ಒಂದು ಪ್ರತಿ ಹೋಗಲಿ. ಖಾತೆಯನ್ನೇ ಮುಚ್ಚಿದರೂ ಎಲ್ಲ ಅಳಿಸಿಹೋಗುತ್ತದೆ ಅಂದುಕೊಳ್ಳಬೇಡಿ, ಗುರುತಿನ ದಾಖಲೆಗಳನ್ನು ಖಾತೆ ಮುಗಿದ ಮೇಲೂ ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ.

ಕರೆಗಳು ನಿಲ್ಲಲು 1909ಕ್ಕೆ ಫೋನ್ ಮಾಡಿ ಡಿಎನ್‌ಡಿ (ಮಾರಾಟದ ಕರೆ ಬೇಡ ಅನ್ನುವ ನೋಂದಣಿ) ಹಾಕಿಸಿ. 140ರಿಂದ ಶುರುವಾಗುವ ನಂಬರ್ ಮಾರಾಟದ್ದು, 1600ರಿಂದ ಶುರುವಾಗುವುದು ಬ್ಯಾಂಕಿನ ಕೆಲಸದ್ದು. ಸಾಮಾನ್ಯ ಮೊಬೈಲ್ ನಂಬರಿನಿಂದ "ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ಕೆವೈಸಿ ಮುಗಿದಿದೆ" ಅಂದರೆ ಇಟ್ಟುಬಿಡಿ. ಕೆವೈಸಿಯಲ್ಲಿ ಬದಲಾವಣೆ ಏನೂ ಇಲ್ಲದಿದ್ದರೆ "ಬದಲಾವಣೆ ಇಲ್ಲ" ಅಂತ ನೀವೇ ನೋಂದಾಯಿತ ಮೊಬೈಲ್ ಅಥವಾ ಇಮೇಲ್‌ನಿಂದ ತಿಳಿಸಿದರೆ ಸಾಕು. ಬ್ಯಾಂಕಿನ ಲೆಕ್ಕದಲ್ಲಿ ಅಪಾಯ ಕಡಿಮೆ ಇರುವ ಖಾತೆಗೆ 10 ವರ್ಷಕ್ಕೊಮ್ಮೆ ಹೀಗೆ ಕೆವೈಸಿ ಹೊಸದು ಮಾಡಬೇಕು.

ಹೆಜ್ಜೆ 8: ಕೇಳದಿದ್ದರೆ ಮೇಲಕ್ಕೆ ಹೋಗಿ

ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ದುಡ್ಡಿಲ್ಲ, ವಕೀಲರು ಬೇಕಿಲ್ಲ. ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಹೇಗೆ ಅಂತ ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ ಕೇಳಿ. ಮೊದಲು ಬ್ಯಾಂಕಿಗೆ ಬರೆದ ಪತ್ರ, ಸೀಲು ಹಾಕಿದ ಪ್ರತಿ, ಕರೆಗಳ ಸ್ಕ್ರೀನ್‌ಶಾಟ್ ಜೊತೆಗಿಡಿ. ಬ್ಯಾಂಕಿಗೆ ಬರೆಯದೆ ನೇರವಾಗಿ ಹೋದರೆ ವಾಪಸ್ ಕಳಿಸುತ್ತಾರೆ.

ಇದರ ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾನೂನು ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳು ಪಾಲಿಸಬೇಕಾದ ಮುಖ್ಯ ಭಾಗಗಳಿಗೆ 18 ತಿಂಗಳ ಕಾಲಾವಕಾಶ ಇದೆ, ಅಂದರೆ 2027ರ ಮೇ ತನಕ. ಆಮೇಲೆ ಯಾವ ಮಾಹಿತಿ, ಯಾಕೆ ಅಂತ ಸರಳವಾಗಿ ನೋಟಿಸ್ ಕೊಡಬೇಕು, ಅದನ್ನು ಕನ್ನಡದಲ್ಲಿ ಓದುವ ಆಯ್ಕೆಯೂ ಇರಬೇಕು. ನಿಮ್ಮ ಮಾಹಿತಿ ಯಾರ ಜೊತೆ ಹಂಚಿದ್ದಾರೆ ಅಂತ ಕೇಳುವ ಹಕ್ಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳುವ ಹಕ್ಕು ಬರುತ್ತವೆ. ಮಾಹಿತಿ ಸೋರದಂತೆ ಸರಿಯಾಗಿ ಕಾಪಾಡದಿದ್ದರೆ ದಂಡ ₹250 ಕೋಟಿವರೆಗೆ.

ಅಮ್ಮನ ಅರ್ಜಿಗೆ ಬ್ಯಾಂಕಿನಿಂದ 19ನೇ ದಿನ ಉತ್ತರ ಬಂತು. ಒಪ್ಪಿಗೆ ತೆಗೆದಿದ್ದೇವೆ ಅಂತಿತ್ತು, ಯಾರಿಗೆಲ್ಲ ಕೊಟ್ಟಿದ್ದರು ಅನ್ನುವುದಕ್ಕೆ ಉತ್ತರ ಇರಲಿಲ್ಲ. ಆ ಒಂದು ಪ್ರಶ್ನೆಯನ್ನು ಮತ್ತೆ ಬರೆದು ಕೊಟ್ಟಿದ್ದೇವೆ. ಈ ಸಲ ಅರ್ಜಿಯನ್ನು ಅಮ್ಮನೇ ಪೂರ್ತಿ ಓದಿ, ಒಂದು ಕಡೆ ತಪ್ಪು ಹುಡುಕಿ ತಿದ್ದಿಸಿ, ಆಮೇಲೆ ಸಹಿ ಮಾಡಿದರು.